ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಸ್ತರಾನುಸಾರ ನೆರವು: ಸರ್ಕಾರಿ ಅನುದಾನದ ಯೋಜಿತ ಬಳಕೆ

ಪೀಠಿಕೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಮೊದಲೆರಡು ಕರ್ನೂಲು ಜಿಲ್ಲೆಗೂ ಮೂರನೆಯದು ಅನಂತಪುರ ಜಿಲ್ಲೆಗೂ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡ ಮಕ್ಕಳು ಭಾಷಾ ಅಲ್ಪಸಂಖ್ಯಾತರಾಗಿ ಕಲಿಯುತ್ತ ಬಂದಿದ್ದಾರೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಇಂಥ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ.

ಆದರೆ ಕನ್ನಡ ತರಗತಿಯಲ್ಲಿ ಕುಳಿತುಕೊಳ್ಳುವ ಹಕ್ಕು ತಾನಾಗಿಯೇ ಕನ್ನಡವನ್ನು ಓದಬಲ್ಲ ಶಕ್ತಿಯಾಗಿ ಪರಿಣಮಿಸುವುದಿಲ್ಲ. ನಾಲ್ಕನೆಯ ತರಗತಿಗೆ ಬಂದ ಮಗು ಎರಡನೆಯ ತರಗತಿಯ ಪಾಠವನ್ನು ಓದಲಾರದಿದ್ದರೆ ಪೋಷಕರು ದೋಷವನ್ನು ಬೋಧನ ಕ್ರಮದಲ್ಲಿ ಹುಡುಕುವುದಿಲ್ಲ, ಮಾಧ್ಯಮದಲ್ಲಿ ಹುಡುಕುತ್ತಾರೆ. ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ದಾಖಲಾತಿ ಇಳಿಯುತ್ತದೆ, ದಾಖಲಾತಿ ಇಳಿದ ಕಡೆ ಶಿಕ್ಷಕ ಹುದ್ದೆಯ ಪ್ರಶ್ನೆ ಏಳುತ್ತದೆ. ಆದ್ದರಿಂದ ಗಡಿಭಾಗದ ಶಾಲೆಯಲ್ಲಿ ಹಿಂದುಳಿದ ಮಗುವಿಗೆ ಓದು ಕಲಿಸುವುದೂ ಶಾಲೆಯನ್ನು ಉಳಿಸುವುದೂ ಒಂದೇ ಕಾರ್ಯದ ಎರಡು ಮುಖಗಳು. ಈ ಕಾರ್ಯಕ್ಕೆ ಶಾಲೆಗೆ ಬರುವ ಅಲ್ಪ ಅನುದಾನವನ್ನು ಹೇಗೆ ಹೊಂದಿಸಿಕೊಳ್ಳಬಹುದೆಂಬುದು ಈ ಲೇಖನದ ವಿಷಯ.

ಮೂರು ಸ್ತರಗಳು

ಸ್ತರಾನುಸಾರ ನೆರವಿನ ತತ್ತ್ವ ಸರಳವಾದುದು. ಎಲ್ಲ ಮಕ್ಕಳಿಗೂ ಉತ್ತಮ ಬೋಧನೆ ದೊರೆಯಬೇಕು, ಅದು ಸಾಲದ ಮಕ್ಕಳಿಗೆ ಸಣ್ಣ ಗುಂಪಿನಲ್ಲಿ ಹೆಚ್ಚುವರಿ ಬೋಧನೆ ದೊರೆಯಬೇಕು, ಅದೂ ಸಾಲದ ಕೆಲವೇ ಮಕ್ಕಳಿಗೆ ವೈಯಕ್ತಿಕ ಗಮನ ದೊರೆಯಬೇಕು. ಮೇಲಿನ ಸ್ತರವು ಕೆಳಗಿನದಕ್ಕೆ ಬದಲಿಯಲ್ಲ, ಅದರ ಜೊತೆಗೆ ಸೇರುವಂಥದು. ಅಮೆರಿಕದಲ್ಲಿ ಈ ಕ್ರಮ ವ್ಯಾಪಕವಾಗಿದೆ. ಅಲ್ಲಿಯ 2004ರ ವಿಶೇಷ ಶಿಕ್ಷಣ ಕಾಯಿದೆಯು ಅಂಗವೈಕಲ್ಯವೆಂದು ನಿರ್ಧಾರವಾಗದ, ಆದರೆ ಕಲಿಕೆಯಲ್ಲಿ ತೊಡಕಿರುವ ಮಕ್ಕಳ ನೆರವಿಗಾಗಿ ವಿಶೇಷ ಶಿಕ್ಷಣದ ಅನುದಾನದ ಶೇಕಡ 15ರವರೆಗೆ ಬಳಸಲು ಅವಕಾಶ ನೀಡಿದೆ. ಮಗು ಸಂಪೂರ್ಣ ಸೋಲುವವರೆಗೆ ಕಾಯಬಾರದೆಂಬುದೇ ಅದರ ಆಶಯ.

ನಮ್ಮ ದೇಶದಲ್ಲಿಯೂ ಇದಕ್ಕೆ ಕಾನೂನಿನ ಆಧಾರವಿದೆ. ಶಿಕ್ಷಣ ಹಕ್ಕು ಕಾಯಿದೆ, 2009ರ 24(1)(ಡಿ) ಪ್ರಕರಣವು ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ನೀಡುವುದನ್ನು ಶಿಕ್ಷಕರ ಕರ್ತವ್ಯವೆಂದೇ ಹೇಳಿದೆ. ಅನುಭವದ ಆಧಾರವೂ ಇದೆ. ವಡೋದರಾ ಮತ್ತು ಮುಂಬಯಿ ನಗರಗಳ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ನಡೆಸಿದ ಬಾಲಸಖಿ ಕಾರ್ಯಕ್ರಮದಲ್ಲಿ 3 ಮತ್ತು 4ನೆಯ ತರಗತಿಯ ಹಿಂದುಳಿದ ಮಕ್ಕಳನ್ನು ಸುಮಾರು 15ರಿಂದ 20ರ ಗುಂಪುಗಳಾಗಿ ಮಾಡಿ, ಸ್ಥಳೀಯ ಯುವತಿಯರು ದಿನಕ್ಕೆ ಎರಡು ಗಂಟೆ ಮೂಲಪಾಠ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದರಿಂದ ಕಲಿಕೆ ಗಣನೀಯವಾಗಿ ಸುಧಾರಿಸಿತೆಂದು ತೋರಿಸಿತು.

ಹಣದ ಬಳಕೆಯ ಕುರಿತು ಕೀನ್ಯಾ ದೇಶದ ಒಂದು ಅನುಭವ ಇನ್ನೂ ಬೋಧಪ್ರದವಾಗಿದೆ. ಅಲ್ಲಿಯ ಪಶ್ಚಿಮ ಭಾಗದ ಶಾಲೆಗಳಿಗೆ ಪಠ್ಯಪುಸ್ತಕಗಳನ್ನು ಉಚಿತವಾಗಿ ನೀಡಿದಾಗ ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು, ಉಳಿದವರ ಕಲಿಕೆ ಬದಲಾಗಲಿಲ್ಲ. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಬಹುಪಾಲು ಮಕ್ಕಳಿಗೆ ಅದು ಮನೆಯ ಮಾತಾಗಿರಲಿಲ್ಲ. ಸಾಮಗ್ರಿ ಮಗುವಿನ ಭಾಷೆಗೂ ಮಟ್ಟಕ್ಕೂ ಹೊಂದದಿದ್ದರೆ ಖರ್ಚು ದಾಖಲೆಯಲ್ಲಿ ಉಳಿಯುತ್ತದೆಯೇ ಹೊರತು ಮಗುವನ್ನು ತಲುಪುವುದಿಲ್ಲ.

ಮೊದಲು ಅಳತೆ, ಅನಂತರ ಖರ್ಚು

ಅನುದಾನ ಬಂದ ಮೇಲೆ ಏನು ಕೊಳ್ಳಬೇಕೆಂದು ಯೋಚಿಸುವುದು ವಾಡಿಕೆ. ಕ್ರಮ ಇದಕ್ಕೆ ತಿರುಗುಮುರುಗಾಗಬೇಕು. ಶಾಲೆ ತೆರೆದ ಮೊದಲ ವಾರಗಳಲ್ಲಿಯೇ ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಕೂರಿಸಿ ಓದಿಸಬೇಕು. ಅಸರ್ ಸಮೀಕ್ಷೆಯ ಐದು ಮಟ್ಟಗಳು ಇದಕ್ಕೆ ಅನುಕೂಲ: ಅಕ್ಷರವನ್ನೂ ಗುರುತಿಸದ ಆರಂಭಿಕ ಮಟ್ಟ, ಅಕ್ಷರ, ಪದ, ಒಂದನೆಯ ತರಗತಿಯ ವಾಕ್ಯವೃಂದ, ಎರಡನೆಯ ತರಗತಿಯ ಕಥೆ. ಒಂದು ಮಗುವಿಗೆ ಐದು ನಿಮಿಷ ಸಾಕು.

ಗಡಿಭಾಗದಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಪರೀಕ್ಷಾ ಸಾಧನ ಕನ್ನಡದಲ್ಲಿಯೇ ಇರಬೇಕು. ತೆಲುಗು ಸಾಧನದಿಂದ ಅಳೆದರೆ ಚೆನ್ನಾಗಿ ಓದಬಲ್ಲ ಕನ್ನಡದ ಮಗು ಹಿಂದುಳಿದವರ ಪಟ್ಟಿಗೆ ಸೇರಬಹುದು, ನಿಜವಾಗಿ ನೆರವು ಬೇಕಾದ ಮಗು ಆ ಗುಂಪಿನಲ್ಲಿ ಮರೆಯಾಗಬಹುದು. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಮಕ್ಕಳೂ ಕನ್ನಡ ತರಗತಿಯಲ್ಲಿರುವುದುಂಟು. ಅವರ ವಿಷಯದಲ್ಲಿ ಓದಿನ ತೊಡಕನ್ನೂ ಮಾತಿನ ಅಪರಿಚಯವನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು.

ಮಕ್ಕಳು ಮಾಡುವ ತಪ್ಪುಗಳನ್ನೂ ವರ್ಗೀಕರಿಸಬೇಕು. ಕನ್ನಡ ಮತ್ತು ತೆಲುಗು ಲಿಪಿಗಳು ಸೋದರ ಲಿಪಿಗಳು. ಗ, ದ, ನ ಮುಂತಾದ ಅಕ್ಷರಗಳು ತಲೆಕಟ್ಟಿನ ಹೊರತು ಹೆಚ್ಚುಕಡಿಮೆ ಒಂದೇ ರೂಪದವು, ಕ, ತ ಮುಂತಾದವು ಬೇರೆ ರೂಪದವು. ಕನ್ನಡದಲ್ಲಿ ‘ಕಿ’ಯು ‘ಕೀ’ ಆಗುವಾಗ, ‘ಕೆ’ಯು ‘ಕೇ’ ಆಗುವಾಗ, ‘ಕೊ’ವು ‘ಕೋ’ ಆಗುವಾಗ ಅಕ್ಷರದ ಮುಂದೆ ದೀರ್ಘದ ಚಿಹ್ನೆ ಬರುತ್ತದೆ. ತೆಲುಗಿನಲ್ಲಿ ಅಕ್ಷರದ ಮೇಲಿನ ಗುರುತೇ ಬದಲಾಗುತ್ತದೆ. ಎರಡೂ ಲಿಪಿಗಳನ್ನು ಏಕಕಾಲಕ್ಕೆ ಕಲಿಯುವ ಮಗು ಕನ್ನಡದ ದೀರ್ಘವನ್ನು ಬಿಟ್ಟು ಓದಿದರೆ ಅದು ಅಜ್ಞಾನವಲ್ಲ, ಎರಡು ಪದ್ಧತಿಗಳ ನಡುವಿನ ಗೊಂದಲ. ಇಂಥ ಮಗುವಿಗೆ ಅ ಆ ಇ ಈ ಇಂದ ಮತ್ತೆ ಆರಂಭಿಸುವ ಅಗತ್ಯವಿಲ್ಲ. ಹ್ರಸ್ವ ದೀರ್ಘ ಜೋಡಿಪದಗಳ ಕೆಲವು ದಿನಗಳ ಅಭ್ಯಾಸ ಸಾಕಾಗಬಹುದು.

ಅನುದಾನದ ಮೂಲಗಳು

2018-19ರಿಂದ ಜಾರಿಯಲ್ಲಿರುವ ಸಮಗ್ರ ಶಿಕ್ಷಾ ಯೋಜನೆಯೇ ಮುಖ್ಯ ಮೂಲ. ಆಂಧ್ರಪ್ರದೇಶಕ್ಕೆ ಇದರ ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡ 60, ರಾಜ್ಯದ ಪಾಲು ಶೇಕಡ 40. ಶಿಕ್ಷಕರು ಗಮನಿಸಬೇಕಾದ ಬಾಬ್ತುಗಳು ಇವು:

1. ಸಂಯುಕ್ತ ಶಾಲಾ ಅನುದಾನ. ದಾಖಲಾತಿ 30ರವರೆಗಿದ್ದರೆ 10,000 ರೂ., 100ರವರೆಗೆ 25,000 ರೂ., 250ರವರೆಗೆ 50,000 ರೂ., 1,000ದವರೆಗೆ 75,000 ರೂ. ಇದರಲ್ಲಿ ಕನಿಷ್ಠ ಶೇಕಡ 10 ಸ್ವಚ್ಛತೆಗೆ ಮೀಸಲು. ದುರಸ್ತಿ, ವಿದ್ಯುತ್, ನೀರುಗಳ ಜೊತೆಗೆ ಬೋಧನೋಪಕರಣಗಳಿಗೂ ಇದನ್ನು ಬಳಸಬಹುದು.

2. ಗ್ರಂಥಾಲಯ ಅನುದಾನ. ಪ್ರಾಥಮಿಕ ಶಾಲೆಗೆ 5,000 ರೂ.ವರೆಗೆ.

3. ನಿಪುಣ್ ಭಾರತ್. 2021ರ ಜುಲೈ 5ರಂದು ಆರಂಭವಾದ ಈ ಕಾರ್ಯಕ್ರಮದ ಗುರಿ 2026-27ರೊಳಗೆ ಮೂರನೆಯ ತರಗತಿಯ ಅಂತ್ಯಕ್ಕೆ ಎಲ್ಲ ಮಕ್ಕಳಿಗೂ ಬುನಾದಿ ಓದುಬರಹ ಮತ್ತು ಸಂಖ್ಯಾಜ್ಞಾನ. ಕಲಿಕಾ ಸಾಮಗ್ರಿಗೆ ಮಗುವೊಂದಕ್ಕೆ 500 ರೂ.ವರೆಗೆ ಅವಕಾಶವಿದೆ.

4. ಶಾಲೆಯಿಂದ ಹೊರಗುಳಿದ ಮಕ್ಕಳ ವಿಶೇಷ ತರಬೇತಿ. ವಸತಿರಹಿತ ತರಬೇತಿಗೆ ಮಗುವೊಂದಕ್ಕೆ ವರ್ಷಕ್ಕೆ 6,000 ರೂ., ವಸತಿಸಹಿತ ತರಬೇತಿಗೆ 20,000 ರೂ.ವರೆಗೆ.

5. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಮಗುವೊಂದಕ್ಕೆ ವರ್ಷಕ್ಕೆ 3,500 ರೂ.ವರೆಗೆ.

ಇವು ಯೋಜನೆಯ ಗರಿಷ್ಠ ಮಿತಿಗಳು. ಆಯಾ ವರ್ಷ ಮಂಜೂರಾದ ಮೊತ್ತವನ್ನು ಆ ವರ್ಷದ ಆದೇಶದಿಂದಲೇ ತಿಳಿಯಬೇಕು. ಕೆಲವು ಬಾಬ್ತುಗಳು ಹಣವಾಗಿ ಬಾರದೆ ಸಾಮಗ್ರಿಯಾಗಿ ಬರುತ್ತವೆ. ಹಾಗೆ ಬರುವುದು ಕನ್ನಡದಲ್ಲಿ ಬರಬೇಕಾದರೆ ಶಾಲೆಯ ಯು-ಡೈಸ್ ಮಾಹಿತಿಯಲ್ಲಿ ಮಾಧ್ಯಮ ಸರಿಯಾಗಿ ನಮೂದಾಗಿರಬೇಕು. ತೆಲುಗು ಶಾಲೆಯೊಳಗೆ ಸಮಾನಾಂತರವಾಗಿ ನಡೆಯುವ ಕನ್ನಡ ವಿಭಾಗಗಳ ಶಿಕ್ಷಕರು ಇದನ್ನು ತಾವೇ ಪರಿಶೀಲಿಸಬೇಕು. ಸೆಪ್ಟೆಂಬರ್ 30ರ ದಾಖಲಾತಿಯೇ ಆ ಮಾಹಿತಿಗೆ ಆಧಾರ, ಮುಂದಿನ ವರ್ಷದ ಯೋಜನೆ ಅದರ ಮೇಲೆ ನಿಲ್ಲುತ್ತದೆ.

ಒಂದು ಮಾದರಿ ಯೋಜನೆ

1ರಿಂದ 5ನೆಯ ತರಗತಿಯವರೆಗೆ 84 ಮಕ್ಕಳೂ ಮೂವರು ಶಿಕ್ಷಕರೂ ಇರುವ ಕನ್ನಡ ಪ್ರಾಥಮಿಕ ಶಾಲೆಯೊಂದನ್ನು ಕಲ್ಪಿಸಿಕೊಳ್ಳಬಹುದು. 3ರಿಂದ 5ನೆಯ ತರಗತಿಗಳಲ್ಲಿ 48 ಮಕ್ಕಳಿದ್ದಾರೆ. ಅಳತೆಯಲ್ಲಿ 14 ಮಕ್ಕಳು ಕಥೆಯ ಮಟ್ಟದಲ್ಲಿ, 15 ವಾಕ್ಯವೃಂದದ ಮಟ್ಟದಲ್ಲಿ, 10 ಪದದ ಮಟ್ಟದಲ್ಲಿ, 6 ಅಕ್ಷರದ ಮಟ್ಟದಲ್ಲಿ, 3 ಆರಂಭಿಕ ಮಟ್ಟದಲ್ಲಿ ಕಂಡುಬಂದರೆ ಯೋಜನೆ ಹೀಗಾಗುತ್ತದೆ.

ಮೊದಲ ಸ್ತರದಲ್ಲಿ 48 ಮಕ್ಕಳೂ ಇದ್ದಾರೆ. ಪ್ರತಿದಿನ 45 ನಿಮಿಷ ತರಗತಿಯ ಭೇದವಿಲ್ಲದೆ ಓದಿನ ಅವಧಿ ನಡೆಯುತ್ತದೆ. ಒಬ್ಬ ಶಿಕ್ಷಕರು ಓದಬಲ್ಲ 29 ಮಕ್ಕಳಿಗೆ ಗ್ರಂಥಾಲಯದ ಪುಸ್ತಕಗಳ ಓದು ಮತ್ತು ಬರವಣಿಗೆ ಮಾಡಿಸುತ್ತಾರೆ.

ಎರಡನೆಯ ಸ್ತರದಲ್ಲಿ ಉಳಿದ 19 ಮಕ್ಕಳು. ಅದೇ ಅವಧಿಯಲ್ಲಿ ಮತ್ತೊಬ್ಬ ಶಿಕ್ಷಕರು ಪದದ ಗುಂಪಿನ 10 ಮತ್ತು ಅಕ್ಷರದ ಗುಂಪಿನ 9 ಮಕ್ಕಳಿಗೆ ಕಾರ್ಡು, ಕಾಗುಣಿತ, ಒತ್ತಕ್ಷರ, ಚಿಕ್ಕ ಕಥೆಗಳ ಮೂಲಕ ಕಲಿಸುತ್ತಾರೆ.

ಮೂರನೆಯ ಸ್ತರದಲ್ಲಿ ಆರಂಭಿಕ ಮಟ್ಟದ 3 ಮಕ್ಕಳು. ಇವರಿಗೆ ಗುಂಪಿನ ಕಲಿಕೆಯ ಜೊತೆಗೆ ದಿನಕ್ಕೆ 20 ನಿಮಿಷ ಪ್ರತ್ಯೇಕ ಬೋಧನೆ. ಇವರ ಕಣ್ಣು ಕಿವಿಗಳ ತಪಾಸಣೆಯನ್ನು ಮೊದಲ ವಾರದಲ್ಲಿಯೇ ಮಾಡಿಸಬೇಕು. ಸಂಶಯವಿದ್ದರೆ ಮಂಡಲದ ಭವಿತ ಕೇಂದ್ರದ ವಿಶೇಷ ಶಿಕ್ಷಕರ ನೆರವು ಪಡೆಯಬೇಕು. ಮಂದಮತಿಯೆಂದು ಶಾಲೆ ಭಾವಿಸಿದ ಮಗುವಿಗೆ ಕನ್ನಡಕವಷ್ಟೇ ಬೇಕಾಗಿರಬಹುದು.

ಎಂಟು ವಾರಗಳಿಗೊಮ್ಮೆ ಮತ್ತೆ ಅಳೆದು ಗುಂಪುಗಳನ್ನು ಪುನರ್ರಚಿಸಬೇಕು.

ಈ ಶಾಲೆಗೆ ಸಂಯುಕ್ತ ಅನುದಾನ 25,000 ರೂ. ಪೂರ್ಣವಾಗಿ ಬಂದರೆ ಸ್ವಚ್ಛತೆಗೆ 2,500 ರೂ., ದುರಸ್ತಿ, ವಿದ್ಯುತ್, ಸೀಮೆಸುಣ್ಣ ಮುಂತಾದ ನಿತ್ಯವೆಚ್ಚಕ್ಕೆ 13,000 ರೂ. ಎಂದು ತೆಗೆದಿಟ್ಟರೂ 9,500 ರೂ. ಉಳಿಯುತ್ತದೆ. ಇದರ ಅಂದಾಜು ಹಂಚಿಕೆ: ಅಕ್ಷರ ಮತ್ತು ಕಾಗುಣಿತದ ಕಾರ್ಡುಗಳಿಗೆ 1,500 ರೂ., ಕಥೆಯ ಹಾಳೆಗಳ ಮುದ್ರಣಕ್ಕೆ 2,400 ರೂ., 19 ಮಕ್ಕಳ ಸ್ಲೇಟು ಮತ್ತು ಅಭ್ಯಾಸ ಪುಸ್ತಕಗಳಿಗೆ 1,600 ರೂ., ಅಳತೆಯ ಹಾಳೆಗಳಿಗೆ 1,000 ರೂ., ವಲಸೆ ಮಕ್ಕಳ ಕಟ್ಟುಗಳಿಗೆ 3,000 ರೂ. ಗ್ರಂಥಾಲಯದ 5,000 ರೂ.ಗಳನ್ನು ಮಟ್ಟಾನುಸಾರ ಚಿಕ್ಕ ಕನ್ನಡ ಪುಸ್ತಕಗಳಿಗೆ ಮೀಸಲಿಡಬೇಕು. ಖರೀದಿ ಮೇಲಿನಿಂದಲೇ ನಡೆಯುವುದಾದರೆ ಕನ್ನಡದ ಬೇಡಿಕೆಯನ್ನು ಮೊದಲೇ ಲಿಖಿತವಾಗಿ ಕಳುಹಿಸಬೇಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ನಾಲ್ಕು ಮಟ್ಟಗಳ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಅವುಗಳಿಗೆ ಮುದ್ರಣದ ಖರ್ಚು ಮಾತ್ರ. ಅನೇಕ ಕಥೆಗಳು ತೆಲುಗಿನಲ್ಲಿಯೂ ಇರುವುದರಿಂದ ಎರಡು ಭಾಷೆಗಳ ನಡುವೆ ನಿಂತ ಮಗುವಿಗೆ ಒಂದೇ ಕಥೆಯನ್ನು ಎರಡರಲ್ಲಿಯೂ ಓದಿಸಬಹುದು.

ವಲಸೆ ಹೋಗುವ ಮಕ್ಕಳು

ಆದವಾನಿ, ಕೋಸಿಗಿ, ಕೌತಾಳಂ, ಹೊಳಗುಂದ ಮೊದಲಾದ ಮಂಡಲಗಳಿಂದ ಕೂಲಿ ಕುಟುಂಬಗಳು ಪ್ರತಿವರ್ಷ ಮಳೆಗಾಲದ ಬೆಳೆ ಮುಗಿದ ಮೇಲೆ ಗುಂಟೂರು ಕಡೆಯ ಹತ್ತಿ, ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನಂಥ ನಗರಗಳಿಗೂ ದುಡಿಯಲು ಹೋಗುತ್ತವೆ. ಜೊತೆಯಲ್ಲಿ ಹೋದ ಮಗು ಹಲವು ತಿಂಗಳು ಕನ್ನಡದ ಅಕ್ಷರವನ್ನೇ ಕಾಣುವುದಿಲ್ಲ. ಜೂನಿನಿಂದ ಗಳಿಸಿದ್ದು ಮಾರ್ಚಿನೊಳಗೆ ಕರಗಿರುತ್ತದೆ.

ಇದಕ್ಕೆ ಮೂರು ಉಪಾಯಗಳಿವೆ. ಮೊದಲನೆಯದು, ಕಳೆದ ವರ್ಷದ ಹಾಜರಿ ಪುಸ್ತಕ ನೋಡಿ ಹೋಗಬಹುದಾದ ಮಕ್ಕಳ ಪಟ್ಟಿ ಮಾಡುವುದು ಮತ್ತು ಋತುಮಾನದ ವಸತಿ ಕೇಂದ್ರದ ಬೇಡಿಕೆಯನ್ನು ಕುಟುಂಬ ಹೊರಡುವ ಮುನ್ನವೇ ಮಂಡಲ ವಿದ್ಯಾಧಿಕಾರಿಗಳಿಗೆ ಸಲ್ಲಿಸುವುದು. ಊರು ಖಾಲಿಯಾದ ಮೇಲೆ ತೆರೆದ ಕೇಂದ್ರದಿಂದ ಪ್ರಯೋಜನವಿಲ್ಲ. ಎರಡನೆಯದು, ಹೋಗಲೇಬೇಕಾದ ಮಗುವಿಗೆ ಅದರ ಮಟ್ಟದ ಕಥೆಯ ಹಾಳೆಗಳ ಒಂದು ಕಟ್ಟನ್ನು ಕೈಗೆ ಕೊಟ್ಟು ಕಳುಹಿಸುವುದು. ಮೂರನೆಯದು, ಮರಳಿ ಬಂದವರನ್ನು ಬಂದ ದಿನವೇ ಅಳೆದು ಸೂಕ್ತ ಗುಂಪಿಗೆ ಸೇರಿಸುವುದು. ಇಲ್ಲಿ ಲೆಕ್ಕದ ಒಂದು ತೊಡಕಿದೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅನೇಕ ಮಕ್ಕಳು ಹಿಂದಿರುಗುವುದು ಅದೇ ಹೊತ್ತಿಗೆ. ಆದ್ದರಿಂದ ಮೇಲೆ ಹೇಳಿದ 3,000 ರೂ.ಗಳನ್ನು ಅವರ ಬರವಿಗಾಗಿ ಕಾದಿಡದೆ, ಕಟ್ಟುಗಳನ್ನು ಮೊದಲೇ ಮುದ್ರಿಸಿ ಸಿದ್ಧವಾಗಿಟ್ಟುಕೊಳ್ಳಬೇಕು.

ಲೆಕ್ಕಪತ್ರ ಮತ್ತು ಪೋಷಕರ ಸಮಿತಿ

2021ರ ಜುಲೈನಲ್ಲಿ ಕೇಂದ್ರ ಪುರಸ್ಕೃತ ಯೋಜನೆಗಳ ಹಣವನ್ನು ರಾಜ್ಯದ ಏಕ ಖಾತೆಯಲ್ಲಿಡುವ ಕ್ರಮ ಜಾರಿಗೆ ಬಂದಿತು. ಶಾಲೆಗೆ ದೊರೆಯುವುದು ಖರ್ಚಿನ ಮಿತಿ. ಬಳಸದ ಮಿತಿ ಶಾಲೆಯಲ್ಲಿ ಉಳಿತಾಯವಾಗುವುದಿಲ್ಲ. ಹೀಗಾಗಿ ಮಿತಿ ಬರುವ ಮೊದಲೇ ಪಟ್ಟಿ ಸಿದ್ಧವಿರಬೇಕು. ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಪ್ರಕರಣವು ಅನುದಾನದ ಬಳಕೆಯ ಮೇಲ್ವಿಚಾರಣೆಯನ್ನು ಶಾಲಾ ನಿರ್ವಹಣಾ ಸಮಿತಿಗೆ ವಹಿಸಿದೆ. ಈ ಲೇಖನದಲ್ಲಿ ಪೋಷಕರ ಸಮಿತಿಯೆಂದು ಕರೆಯುವುದು ಇದನ್ನೇ. ಸಮಿತಿಯ ನಿರ್ಣಯ, ವೋಚರು, ನಗದು ಪುಸ್ತಕ, ದಾಸ್ತಾನು ವಹಿ, ಬಳಕೆಯ ಪ್ರಮಾಣಪತ್ರ ಈ ಐದೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಇವುಗಳ ಪಕ್ಕದಲ್ಲಿ ಆರನೆಯದಾಗಿ ಮಕ್ಕಳ ಓದಿನ ಮಟ್ಟದ ಪಟ್ಟಿಯನ್ನೂ ಇಡುವುದು ಒಳ್ಳೆಯದು. ಎಷ್ಟು ಖರ್ಚಾಯಿತೆಂಬುದರ ಜೊತೆಗೆ ಎಷ್ಟು ಮಕ್ಕಳು ಮೇಲಿನ ಮಟ್ಟಕ್ಕೆ ಏರಿದರೆಂಬುದನ್ನೂ ಸಮಿತಿ ಕೇಳುವಂತಾದರೆ ಅನುದಾನದ ಅರ್ಥ ಪೋಷಕರಿಗೆ ತಿಳಿಯುತ್ತದೆ. ಆದರೆ ಆ ಪಟ್ಟಿಯನ್ನು ಗೋಡೆಗೆ ಹಚ್ಚಬಾರದು. ಸಭೆಗೆ ಸಂಖ್ಯೆಗಳು ಸಾಕು, ಮಗುವಿನ ಮಟ್ಟವನ್ನು ಅದರ ತಂದೆತಾಯಿಗಳಿಗೆ ಮಾತ್ರ ಹೇಳಬೇಕು.

ಕೆಲವು ಎಚ್ಚರಿಕೆಗಳು

ಗುಂಪುಗಳಿಗೆ ‘ಜಾಣರು’, ‘ದಡ್ಡರು’ ಎಂಬ ಧ್ವನಿಯ ಹೆಸರುಗಳನ್ನು ಇಡಬಾರದು. ಆಟ, ಚಿತ್ರಕಲೆಗಳ ಅವಧಿಯನ್ನು ಕಿತ್ತು ಪರಿಹಾರ ಬೋಧನೆಗೆ ಕೊಡಬಾರದು, ಏಕೆಂದರೆ ಮಗು ಅದನ್ನು ದಂಡನೆಯೆಂದೇ ಭಾವಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೆಯ ಸ್ತರಕ್ಕೆ ಬಂದರೆ ನೆರವು ಬೇಕಾಗಿರುವುದು ಮೊದಲ ಸ್ತರದ ಬೋಧನೆಗೇ ಎಂದು ತಿಳಿದು ಅದನ್ನು ಸರಿಪಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎರಡನೆಯ ಸ್ತರಕ್ಕೆ ಸೇರಿದ ಮಗು ಅಲ್ಲಿಂದ ಹೊರಬರುವ ದಾರಿ ತೆರೆದಿರಬೇಕು. ಒಂದೇ ಮಗು ವರ್ಷವಿಡೀ ಒಂದೇ ಗುಂಪಿನಲ್ಲಿ ಉಳಿದರೆ ಬದಲಾಗಬೇಕಾದುದು ಕಲಿಸುವ ಕ್ರಮ.

ಚಿತ್ತೂರು ಸೀಮೆಯ ರಿಷಿವ್ಯಾಲಿಯಲ್ಲಿ ರೂಪುಗೊಂಡ ಕಾರ್ಡುಗಳ ಕಲಿಕಾಕ್ರಮವನ್ನು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಕನ್ನಡಕ್ಕೆ ಒಗ್ಗಿಸಿಕೊಂಡಾಗ ‘ನಲಿ ಕಲಿ’ ಹುಟ್ಟಿತು. ಆಂಧ್ರದ ನೆಲದಲ್ಲಿ ಬೆಳೆದ ವಿಧಾನವೊಂದು ಕನ್ನಡ ಶಿಕ್ಷಕರ ಕೈಯಲ್ಲಿ ಕರ್ನಾಟಕದ ಸಾವಿರಾರು ಶಾಲೆಗಳಿಗೆ ಹರಡಿತು. ಆಂಧ್ರದ ಕನ್ನಡ ಶಾಲೆಗಳ ಶಿಕ್ಷಕರಿಗೆ ಎರಡೂ ಕಡೆಯ ಸಾಮಗ್ರಿ ಎಟುಕುವ ದೂರದಲ್ಲಿದೆ. ಮುಂದಿನ ಅನುದಾನದ ಆದೇಶ ಬರುವ ಮುನ್ನ ಪ್ರತಿ ಶಾಲೆಯೂ ತನ್ನ ಮಕ್ಕಳ ಓದಿನ ಮಟ್ಟದ ಪಟ್ಟಿಯನ್ನೂ ಬೇಕಾದ ಸಾಮಗ್ರಿಯ ಪಟ್ಟಿಯನ್ನೂ ಸಿದ್ಧಪಡಿಸಿ, ಪೋಷಕರ ಸಮಿತಿಯ ಮುಂದೆ ಇಡತಕ್ಕದ್ದು.