ಆತ್ಮದ ಲೆಕ್ಕಪತ್ರ

ಯೆಹೂದ್ಯರು ತಮ್ಮ ಧರ್ಮಗ್ರಂಥವಾದ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ, ಪ್ರತಿ ಶನಿವಾರ ಸಿನಗಾಗ್‌ನಲ್ಲಿ ಆ ವಾರದ ಭಾಗವನ್ನು ಕೈಬರಹದ ಸುರುಳಿಯಿಂದ ವಾಚಿಸುತ್ತಾರೆ. ಸಿಮ್ಹತ್ ತೋರಾ ಹಬ್ಬದಂದು ಕೊನೆಯ ಭಾಗ ಮುಗಿದೊಡನೆ ಆದಿಕಾಂಡದ ಮೊದಲ ಅಧ್ಯಾಯ ಮತ್ತೆ ಆರಂಭವಾಗುತ್ತದೆ.

ಈ ವಾರದ ಶಿಸ್ತನ್ನು ಆತ್ಮಪರಿಶೀಲನೆಗೂ ಅನ್ವಯಿಸಿದವರು ಮೆನಾಹೆಮ್ ಮೆಂಡೆಲ್ ಲೆಫಿನ್. 1808ರಲ್ಲಿ ಪ್ರಕಟವಾದ ಅವರ ಕೃತಿಯ ಹೆಸರು 'ಹೆಶ್ಬೋನ್ ಹನೆಫೆಶ್', ಅರ್ಥಾತ್ ಆತ್ಮದ ಲೆಕ್ಕ. ವಾರಕ್ಕೊಂದರಂತೆ 13 ಗುಣಗಳು, ವರ್ಷಕ್ಕೆ ನಾಲ್ಕು ಆವರ್ತನೆ. ಲೋಪಗಳನ್ನು ದಿನವೂ ಕೋಷ್ಟಕದಲ್ಲಿ ಗುರುತಿಸಬೇಕು. ಈ ವಿಧಾನಕ್ಕೆ ಪ್ರೇರಣೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎಂಬುದು ಸ್ವಾರಸ್ಯಕರ. ಮುಂದೆ ಲಿಥುವೇನಿಯಾದ ರಬ್ಬಿ ಇಸ್ರೇಲ್ ಸಲಾಂತರ್ (1810-1883) ಆರಂಭಿಸಿದ ಮುಸಾರ್ ಎಂಬ ನೈತಿಕ ಚಳವಳಿಯಲ್ಲಿ ಈ ಕೃತಿಗೆ ಮನ್ನಣೆ ದೊರೆಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ತಡೆದು ನಿಲ್ಲಿಸಿದ್ದು ಯಾಜಕಕಾಂಡದ ಮೊದಲ ವಾರದ ಭಾಗ. ನೆರೆಯವನನ್ನು ವಂಚಿಸಿದವನು ದೇವರಿಗೆ ಬಲಿ ಅರ್ಪಿಸಿದರೆ ಸಾಲದು; ಅಸಲನ್ನೂ ಅದರ ಐದನೆಯ ಒಂದು ಪಾಲನ್ನೂ ಕಳೆದುಕೊಂಡವನಿಗೇ ಒಪ್ಪಿಸಬೇಕು. ಪಶ್ಚಾತ್ತಾಪಕ್ಕೂ ದರ ನಿಗದಿ!

ಸೇವೆಯಲ್ಲಿದ್ದಾಗ ಅಧೀನ ನೌಕರರ ವಾರ್ಷಿಕ ಗೋಪ್ಯ ವರದಿಗಳನ್ನು ನೂರಾರು ಸಂಖ್ಯೆಯಲ್ಲಿ ಬರೆದಿದ್ದೇನೆ. ನನ್ನದೊಂದನ್ನು ಪ್ರಾಮಾಣಿಕವಾಗಿ ಬರೆದುಕೊಂಡದ್ದಿಲ್ಲ. ಕೋಪದ ಭರದಲ್ಲಿ ನಾನು ಬರೆದ ಒಂದು ವಾಕ್ಯದಿಂದ ಗುಮಾಸ್ತರೊಬ್ಬರ ಬಡ್ತಿ ಎರಡು ವರ್ಷ ತಡವಾಯಿತು. ವೇತನದ ವ್ಯತ್ಯಾಸವನ್ನು ಲೆಕ್ಕ ಹಾಕಬಲ್ಲೆ. ಆ ಎರಡು ವರ್ಷ ಕಚೇರಿಯಲ್ಲಿ ಅವರು ತಲೆತಗ್ಗಿಸಿ ಕುಳಿತದ್ದಕ್ಕೆ ಐದನೆಯ ಒಂದು ಪಾಲು ಎಷ್ಟು? ಕಳೆದ ತಿಂಗಳು ಅವರ ವಿಳಾಸ ಹುಡುಕಿ, ತಪ್ಪೊಪ್ಪಿಕೊಂಡು ಪತ್ರ ಬರೆದೆ. ಉತ್ತರ ಬಂದಿಲ್ಲ.