ನೆಲ ಗುಡಿಸುವ ರೋಬೋ ನಿಮ್ಮ ಮನೆಗೆ ಬೇಕೇ?

ಕಳೆದ ಮಳೆಗಾಲದಲ್ಲಿ ಸುಂಟಿಕೊಪ್ಪ ಕಡೆಯ ಒಬ್ಬ ತಾಯಿ ಏಳು ವರ್ಷದ ಮಗನನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಹುಡುಗನಿಗೆ ರಾತ್ರಿಯಾದರೆ ಕೆಮ್ಮು, ಬೆಳಗಿನ ಜಾವ ಎದೆಯಲ್ಲಿ ಸುಯ್ಯೆನ್ನುವ ಸದ್ದು.

“ಡಾಕ್ಟ್ರೇ, ನಮ್ಮ ಮನೆಯಲ್ಲಿ ಧೂಳೇ ಇಲ್ಲ. ಇವನ ಉಪ್ಪ ದುಬೈಯಿಂದ ಗುಡಿಸುವ ರೋಬೋ ತಂದಿದ್ದಾರೆ. ದಿನಕ್ಕೆ ಎರಡು ಸಲ ಓಡಿಸ್ತೇವೆ. ಆದ್ರೂ ಕೆಮ್ಮು ನಿಲ್ಲುವುದಿಲ್ಲ” ಎಂದರು.

“ಇವನು ಮಲಗುವುದು ಯಾವುದರ ಮೇಲೆ?”

“ಹಳೇ ಹತ್ತಿ ಹಾಸಿಗೆ. ಮಳೆ ಶುರುವಾದ ಮೇಲೆ ಬಿಸಿಲಿಗೆ ಹಾಕಲು ಆಗಿಲ್ಲ.”

ಮುಖ್ಯ ಕಾರಣ ಆ ಉತ್ತರದಲ್ಲೇ ಇತ್ತು. ಇಂತಹ ಯಂತ್ರ ಕೊಳ್ಳಬಹುದೇ ಎಂದು ಈಗ ಅನೇಕರು ಕೇಳುತ್ತಾರೆ. ಅದು ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂದು ತಿಳಿದರೆ ನಿರ್ಧಾರ ಸುಲಭ.

ಧೂಳು ಇರುವುದೆಲ್ಲಿ?

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತದೆ. ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎಂಬ ಆ ಪಟ್ಟಿಯಲ್ಲಿ ಮೊದಲನೆಯದು ಹವಾ, ಅಂದರೆ ನಮ್ಮ ಸುತ್ತಲಿನ ಗಾಳಿ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯ ದೊಡ್ಡ ತೊಂದರೆ ತೇವ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗೋಡೆ ಬೆವರುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ, ಬಟ್ಟೆ ಒಣಗುವುದಿಲ್ಲ.

ಈ ತೇವದಲ್ಲಿ ಬೆಳೆಯುವುದು ಧೂಳಿನ ನುಸಿ. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಉದ್ದವಿಲ್ಲದ ಈ ಜೀವಿಯ ಆಹಾರ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದರೆ ಅದು ಹೆಚ್ಚು ದಿನ ಬದುಕಲಾರದು. ನಮ್ಮ ಮಳೆಗಾಲ ಅದಕ್ಕೆ ಹಬ್ಬ. ಅದರ ಹಿಕ್ಕೆಯ ಪುಡಿ ಉಸಿರಿನೊಂದಿಗೆ ಒಳಹೋದಾಗ ಅಲರ್ಜಿ ಇರುವವರಿಗೆ ನೆಗಡಿ, ಉಬ್ಬಸ ಶುರುವಾಗುತ್ತದೆ. ನುಸಿ ಹೆಚ್ಚಾಗಿ ನೆಲೆಸುವುದು ಹಾಸಿಗೆ, ದಿಂಬು, ಕಂಬಳಿ, ದಪ್ಪ ಕಾರ್ಪೆಟ್‌ಗಳಲ್ಲಿ. ನೆಲದ ಮೇಲೆ ಓಡುವ ಯಂತ್ರ ಹಾಸಿಗೆಗೆ ಹತ್ತುವುದಿಲ್ಲ.

ಹಾಗಾದರೆ ಯಂತ್ರ ವ್ಯರ್ಥವೇ?

ಅಲ್ಲ. ಒಣ ಪೊರಕೆಯಿಂದ ಗುಡಿಸಿದಾಗ ನುಣ್ಣನೆಯ ಧೂಳು ಗಾಳಿಗೆ ಏಳುತ್ತದೆ. ರೋಬೋ ಅದನ್ನು ಒಳಗೆಳೆದು ಡಬ್ಬಿಯಲ್ಲಿ ಹಿಡಿದಿಡುತ್ತದೆ. ಹೆಪಾ ಫಿಲ್ಟರ್ ಇರುವುದನ್ನೇ ಆರಿಸಿ. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಶೇಕಡಾ 99.97ರಷ್ಟನ್ನು ತಡೆಯುತ್ತದೆ. ಮಂಚದ ಕೆಳಗೆ ನುಸುಳಿ ಗುಡಿಸುವುದು ಅದರ ದೊಡ್ಡ ಉಪಕಾರ. ಸೊಂಟ ನೋವಿರುವ ತಾಯಿಗೆ, ಮೊಣಕಾಲು ಬಗ್ಗದ ಅತ್ತೆಗೆ, ಹೆರಿಗೆಯಾದ ಮಗಳಿಗೆ ಈ ನೆರವು ಸಣ್ಣದಲ್ಲ. ಆದರೆ ಬ್ಯಾಟರಿಯಲ್ಲಿ ಓಡುವುದರಿಂದ ಅದರ ಎಳೆತ ವಯರ್ ಇರುವ ದೊಡ್ಡ ವ್ಯಾಕ್ಯೂಮ್‌ನಷ್ಟಿಲ್ಲ. ವಾರಕ್ಕೊಮ್ಮೆ ಮೂಲೆ ಮುಡುಕು ಕೈಯಿಂದಲೇ ಆಗಬೇಕು.

ಕೊಳ್ಳುವ ಮೊದಲು ಮನೆಯೊಳಗೆ ಒಂದು ಸುತ್ತು ಬನ್ನಿ

ಹೊಸ್ತಿಲು ಅಳೆಯಿರಿ. ಸಾಮಾನ್ಯ ರೋಬೋ ಸುಮಾರು 2 ಸೆಂಟಿಮೀಟರ್ ಎತ್ತರ ಹತ್ತುತ್ತದೆ. ಹಳೆಯ ಮನೆಗಳ ಮರದ ಹೊಸ್ತಿಲು ಅದಕ್ಕೆ ಗೋಡೆಯಿದ್ದಂತೆ. ಪ್ರತಿ ಕೋಣೆಗೂ ನೀವೇ ಎತ್ತಿಡಬೇಕಾಗುತ್ತದೆ.

ಮಂಚದ ಕೆಳಗೆ 10 ಸೆಂಟಿಮೀಟರ್ ಜಾಗವಿದೆಯೇ ನೋಡಿ. ಅಲ್ಲಿ ಪೆಟ್ಟಿಗೆ, ಚೀಲ ತುಂಬಿದ್ದರೆ ಯಂತ್ರ ಹೋಗಲಾರದು.

ನೆಲದ ಮೇಲೆ ಏನೇನಿದೆ? ಮುಸಲ್ಲಾದ ಕುಚ್ಚು, ಚಾರ್ಜರ್ ವಯರ್, ಮಕ್ಕಳ ಕಾಲುಚೀಲ ಬ್ರಷ್‌ಗೆ ಸುತ್ತಿಕೊಳ್ಳುತ್ತವೆ. ನಮಾಝ್ ಮುಗಿದೊಡನೆ ಮುಸಲ್ಲಾ ಮಡಚಿಡುವ ಅಭ್ಯಾಸವಿದ್ದರೆ ಒಳ್ಳೆಯದು.

ಒದ್ದೆ ಮತ್ತು ಬೆಂಕಿ ಎರಡರಿಂದಲೂ ದೂರವಿಡಿ. ಗುಡಿಸುವ ಮಾದರಿಗಳು ನೀರು ಎಳೆಯಲು ಮಾಡಿದವಲ್ಲ. ವುಝೂ ಮಾಡುವ ಜಾಗ, ಕೆಸರು ಕಾಲೊರಸು ಇರುವ ಬಾಗಿಲಿನತ್ತ ಬಿಡಬೇಡಿ. ಒಲೆಯ ಬೂದಿಯಲ್ಲಿ ಕೆಂಡ ಉಳಿದಿದ್ದರೆ ಅಪಾಯ.

ಪುಟ್ಟ ಮಕ್ಕಳಿರುವ ಮನೆಯವರು ಇದನ್ನು ಮರೆಯಬೇಡಿ: ಒರೆಸುವ ಮಾದರಿ ಮಗುವಿನ ಮೂತ್ರ, ಮಲದ ಮೇಲೆ ಹಾದುಹೋದರೆ ನಜೀಸ್ ಮನೆಯಿಡೀ ಹರಡುತ್ತದೆ. ಅಂಥದ್ದನ್ನು ಮೊದಲು ಕೈಯಾರೆ ತೆಗೆದು, ನೀರು ಹಾಕಿ ಶುದ್ಧಗೊಳಿಸಿ, ಒಣಗಿದ ಮೇಲೆಯೇ ಯಂತ್ರ ಬಿಡಿ. ಮಸ್ಅಲದಲ್ಲಿ ಸಂಶಯವಿದ್ದರೆ ನಿಮ್ಮ ಜಮಾಅತಿನ ಉಸ್ತಾದರಲ್ಲಿ ಕೇಳಿ.

ಡಬ್ಬಿ ಖಾಲಿ ಮಾಡುವವರು ಯಾರು? ಉಬ್ಬಸ ಇರುವವರಂತೂ ಬೇಡ. ಬೇರೆಯವರು ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ ಖಾಲಿ ಮಾಡಲಿ. ಫಿಲ್ಟರ್ ತೊಳೆಯಬಹುದಾದದ್ದಾದರೆ ಪೂರ್ತಿ ಒಣಗಿಸದೆ ಹಾಕಬಾರದು, ಅದರಲ್ಲೇ ಬೂಷ್ಟು ಬರುತ್ತದೆ. ಬಿಡಿಭಾಗ, ರಿಪೇರಿ ನಿಮಗೆ ಹತ್ತಿರದ ಊರಿನಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಗಲ್ಫ್‌ನಿಂದ ತಂದದ್ದಕ್ಕೆ ಇಲ್ಲಿ ವಾರಂಟಿ ಸಿಗದೇ ಹೋಗಬಹುದು.

ಮೊದಲ ಖರ್ಚು ಹಾಸಿಗೆಗೆ

ಮನೆಯಲ್ಲಿ ಉಬ್ಬಸದವರಿದ್ದರೆ ನನ್ನ ಸಲಹೆಯ ಕ್ರಮ ಹೀಗೆ. ಹಾಸಿಗೆ, ದಿಂಬಿಗೆ ಜಿಪ್ ಇರುವ ನುಸಿ ತಡೆಯುವ ಕವರ್ ಹಾಕಿ. ಬೆಡ್‌ಶೀಟ್, ದಿಂಬಿನ ಚೀಲವನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ. ಕಪಾಟನ್ನು ಗೋಡೆಯಿಂದ ಗೇಣಷ್ಟು ಸರಿಸಿ. ಬಿಸಿಲು ಬಿದ್ದ ದಿನ ಹಾಸಿಗೆ ಅಂಗಳಕ್ಕೆ ಬರಲಿ, ಕಿಟಕಿ ತೆರೆಯಲಿ. ನೆಲವನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೂ ಧೂಳು ಏಳುವುದಿಲ್ಲ. ಇಷ್ಟು ಮಾಡಿದ ಮೇಲೆ ಕೈಯಲ್ಲಿ ಹಣ ಉಳಿದರೆ ರೋಬೋ ಕೊಳ್ಳಿ. ಸಾಲ ಮಾಡಿ ಕೊಳ್ಳುವ ವಸ್ತು ಅದಲ್ಲ.

ವೈದ್ಯರು ಕೊಟ್ಟ ಇನ್‌ಹೇಲರನ್ನು ಯಂತ್ರ ಬಂತೆಂದು, ಕಷಾಯ ಕುಡಿಯುತ್ತೇವೆಂದು ನಿಲ್ಲಿಸಬೇಡಿ. ಮಾತನಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ ದವಾಖಾನೆಯಲ್ಲಿ ಸರದಿ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಆ ಹುಡುಗನ ಹಳೇ ಹಾಸಿಗೆ ಹೋಯಿತು, ಮಂಚ ತೇವದ ಗೋಡೆಯಿಂದ ದೂರ ಸರಿಯಿತು, ಇನ್‌ಹೇಲರ್ ಮುಂದುವರಿಯಿತು. ಮುಂದಿನ ಸಲ ಬಂದಾಗ ತಾಯಿ, “ಈಗ ರಾತ್ರಿ ನಿದ್ದೆ ಮಾಡ್ತಾನೆ, ಅಲ್‌ಹಮ್ದುಲಿಲ್ಲಾಹ್” ಎಂದರು. ರೋಬೋ ಏನಾಯಿತೆಂದು ಕೇಳಿದೆ. “ಅದು ಓಡ್ತಾ ಇದೆ ಡಾಕ್ಟ್ರೇ. ನನ್ನ ಸೊಂಟಕ್ಕೆ ಆರಾಮ” ಎಂದು ನಕ್ಕರು.