ಊರು ಜರ್ಮನಿಯದು, ಸುತ್ತಲೂ ಸ್ವಿಟ್ಜರ್ಲೆಂಡ್!

ಮಕ್ಕಳೇ, ಅಟ್ಲಾಸ್ ತೆಗೆದು ಜರ್ಮನಿಯ ದಕ್ಷಿಣದ ಅಂಚನ್ನು ನೋಡಿ. ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಪಟ್ಟಣದ ಪಕ್ಕ, ರೈನ್ ನದಿಯ ದಂಡೆಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆಯೊಂದಿದೆ. ಕಾಣದಿದ್ದರೆ ತಾತನ ಭೂತಗನ್ನಡಿ ಕೇಳಿ ಪಡೆಯಿರಿ. ಅದೇ ಬ್ಯೂಸಿಂಗೆನ್ ಎಂಬ ಹಳ್ಳಿ. ವಿಸ್ತೀರ್ಣ ಸುಮಾರು 7.6 ಚದರ ಕಿಲೋಮೀಟರ್, ಜನ ಹೆಚ್ಚುಕಡಿಮೆ 1,500. ಊರು ಜರ್ಮನಿಗೆ ಸೇರಿದ್ದು. ಆದರೆ ಯಾವ ದಿಕ್ಕಿಗೆ ಹೊರಟರೂ ಮೊದಲು ಸಿಗುವುದು ಸ್ವಿಟ್ಜರ್ಲೆಂಡ್! ಅತಿ ಹತ್ತಿರದ ಜಾಗದಲ್ಲಿ ತಾಯ್ನಾಡು ಬರೀ 700 ಮೀಟರ್ ದೂರ.

ಹೀಗೇಕಾಯಿತು? ಇದರ ಹಿಂದೆ ಒಂದು ಜಗಳದ ಕಥೆಯಿದೆ. 1693ರಲ್ಲಿ ಈ ಊರಿನ ಒಡೆಯ ಎಬರ್ಹಾರ್ಡ್ ಇಮ್ ಟುರ್ನ್ ಎಂಬಾತನನ್ನು ಅವನ ನೆಂಟರೇ ಹಿಡಿದು ಶಾಫ್‌ಹೌಸನ್‌ನವರ ಕೈಗೆ ಒಪ್ಪಿಸಿದರು. ಆಗ ಊರಿನ ಮೇಲೆ ಅಧಿಕಾರ ಹೊಂದಿದ್ದ ಆಸ್ಟ್ರಿಯಾ ಕೆರಳಿ, 1699ರಲ್ಲಿ ಅವನನ್ನು ಬಿಡಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಮುಂದೆ ಸುತ್ತಲ ಹಳ್ಳಿಗಳ ಮೇಲಿನ ಹಕ್ಕನ್ನು ಮಾರಿದಾಗಲೂ ಶಾಫ್‌ಹೌಸನ್‌ನವರ ಕಣ್ಣಿಗೆ ಮುಳ್ಳಾಗಿರಲಿ ಎಂದು ಬ್ಯೂಸಿಂಗೆನ್ ಒಂದನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡಿತು. ಕಾಲಕ್ರಮೇಣ ಊರು ಕೈ ಬದಲಾಯಿಸಿ ಜರ್ಮನಿಯ ಪಾಲಾಯಿತು.

ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಊರಿನವರು ಮತ ಹಾಕಿ ತಮ್ಮ ಮನಸ್ಸು ತಿಳಿಸಿದರು. ನೂರಕ್ಕೆ 96 ಮಂದಿ ಸ್ವಿಟ್ಜರ್ಲೆಂಡ್ ಸೇರಲು ಬಯಸಿದರು. ಆದರೆ ಬದಲಿಗೆ ಕೊಡಲು ತಕ್ಕ ಭೂಮಿ ಸ್ವಿಟ್ಜರ್ಲೆಂಡಿನ ಬಳಿ ಇರಲಿಲ್ಲ. ನಮ್ಮ ಭಾರತ ಮತ್ತು ಬಾಂಗ್ಲಾದೇಶ ಇಂಥದೇ ತುಣುಕುಗಳನ್ನು 2015ರಲ್ಲಿ ಅದಲುಬದಲು ಮಾಡಿಕೊಂಡವು. ಬ್ಯೂಸಿಂಗೆನ್‌ಗೆ ಆ ಭಾಗ್ಯ ಬರಲಿಲ್ಲ.

ಕೊನೆಗೆ ಎರಡೂ ದೇಶಗಳು ಕುಳಿತು ಮಾತಾಡಿದವು. 1964ರಲ್ಲಿ ಒಪ್ಪಂದವಾಗಿ, 1967ರಲ್ಲಿ ಜಾರಿಗೆ ಬಂತು. ಊರು ಜರ್ಮನಿಯದಾಗಿಯೇ ಉಳಿಯಿತು. ಸುಂಕದ ಲೆಕ್ಕಕ್ಕೆ ಮಾತ್ರ ಸ್ವಿಟ್ಜರ್ಲೆಂಡಿನೊಳಗೆ ಸೇರಿತು. ಪಕ್ಕದ ಪಟ್ಟಣದಿಂದ ಸಾಮಾನು ತರುವವರನ್ನು ಈಗ ಸುಂಕದವರು ತಡೆಯುವುದಿಲ್ಲ.

ಇಂದು ಅಲ್ಲಿ ಎಲ್ಲವೂ ಎರಡೆರಡು. ಪಿನ್‌ಕೋಡ್ ಎರಡು: ಜರ್ಮನಿಯ 78266, ಸ್ವಿಟ್ಜರ್ಲೆಂಡಿನ 8238. ಎರಡೂ ದೇಶಗಳ ದೂರವಾಣಿ ಸಂಖ್ಯೆಗಳಿವೆ. ಊರಿನ ಕಾಲ್ಚೆಂಡು ತಂಡ ಆಡುವುದು ಸ್ವಿಟ್ಜರ್ಲೆಂಡಿನ ಲೀಗಿನಲ್ಲಿ. ಮಕ್ಕಳು ಊರಿನ ಪ್ರಾಥಮಿಕ ಶಾಲೆ ಮುಗಿಸಿದ ಮೇಲೆ ಯಾವ ದೇಶದ ಶಾಲೆಗೆ ಬೇಕಾದರೂ ಹೋಗಬಹುದು. 1980ರಲ್ಲಿ ಜರ್ಮನಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು, ಸ್ವಿಟ್ಜರ್ಲೆಂಡ್ ಇಡಲಿಲ್ಲ. ಬ್ಯೂಸಿಂಗೆನ್ ನೆರೆಮನೆಯ ಗಡಿಯಾರವನ್ನೇ ನಂಬಿತು!

ಬಹಳ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದ ನನಗೆ ಅಲ್ಲಿನ ಹಣದ ಸಂಗತಿಯೇ ಹೆಚ್ಚು ಕುತೂಹಲ. ಕಾನೂನಿನ ಪ್ರಕಾರ ಊರಿನ ಹಣ ಯೂರೋ. ಆದರೆ ಅಂಗಡಿಯಲ್ಲಿ ಓಡಾಡುವುದು ಹೆಚ್ಚಾಗಿ ಸ್ವಿಸ್ ಫ್ರಾಂಕ್. ಅನೇಕರು ಗಡಿ ದಾಟಿ ಹೋಗಿ ದುಡಿದು ಸಂಬಳವನ್ನೂ ಫ್ರಾಂಕಿನಲ್ಲೇ ತರುತ್ತಾರೆ. ಆದರೆ ಆದಾಯ ತೆರಿಗೆ ಜರ್ಮನಿಗೆ ಕಟ್ಟಬೇಕು, ಅದು ಸ್ವಿಟ್ಜರ್ಲೆಂಡಿಗಿಂತ ಹೆಚ್ಚು. ಜೀವನದ ಖರ್ಚೋ ದುಬಾರಿ ಸ್ವಿಟ್ಜರ್ಲೆಂಡಿನದು. ಜಮೆ ಒಂದು ಲೆಡ್ಜರಿನಲ್ಲಿ, ಖರ್ಚು ಇನ್ನೊಂದರಲ್ಲಿ; ತಾಳೆಯಾಗುವುದು ಹೇಗೆ? ಜರ್ಮನಿ ಸರ್ಕಾರ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟಿದೆ. ಆದರೂ ದುಡಿಯುವ ವಯಸ್ಸಿನ ಎಷ್ಟೋ ಮಂದಿ ನಾಲ್ಕು ಹೆಜ್ಜೆ ಆಚೆ, ಸ್ವಿಟ್ಜರ್ಲೆಂಡಿನಲ್ಲೇ ಮನೆ ಮಾಡುತ್ತಾರೆ. ಊರಿನಲ್ಲಿ ವಯಸ್ಸಾದವರ ಪ್ರಮಾಣ ಹೆಚ್ಚು. ಮಕ್ಕಳು ದೂರದ ಊರು ಸೇರಿರುವ ಅಜ್ಜ ಅಜ್ಜಿಯರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿನ ಒಂದು ಹೋಟೆಲಿನ ಅಂಗಳದಲ್ಲಿ ಎರಡು ದೇಶಗಳ ಗಡಿರೇಖೆ ಹಾದುಹೋಗುತ್ತದೆ. ಒಂದೇ ಅಂಗಳದಲ್ಲಿ ಒಬ್ಬರು ಈ ದೇಶದಲ್ಲಿ, ಇನ್ನೊಬ್ಬರು ಆ ದೇಶದಲ್ಲಿ ಕೂತು ಹರಟಬಹುದು. ಮುನ್ನೂರು ವರ್ಷಗಳ ಹಿಂದಿನ ಜಗಳ ಎಳೆದ ಗೆರೆ ಇನ್ನೂ ಅಲ್ಲೇ ಇದೆ, ನಿಜ. ಆದರೆ ಅದರ ಪಕ್ಕದಲ್ಲೇ ಜನ ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ.